ಟಚಿಂಗ್ ಇಲ್ಲದ ಫೋಟೋ

ಜೂನ್ 9

ಮಗಳೇ,

ಅದೇ ಹೇಳುತ್ತಿದ್ದೆ, ಹಾಲುಹಲ್ಲು ಅಂದರೆ ಬಸ್ಸಿನ ಸೀಟಿಗೆ ಹಾಕಿಟ್ಟ ಟವೆಲ್ ಇದ್ದ ಹಾಗಂತೆ. ಅಷ್ಟರಲ್ಲಿ ನಿಮ್ಮ ಲಾಂಡ್ರಿಯ ಗಂಟೆ ಹೊಡೆಯಿತು, ನೀನು ಫೋನ್ ಇಟ್ಟೆ. ಇನ್ನು ಫೋನಿನಲ್ಲಿ ಈ ಮಾತು ಎತ್ತುವುದಿಲ್ಲ. ನಮ್ಮದು ಒಂದೇ ಕೋಣೆಯ ಮನೆ; ನಮ್ಮ ಚಿನಕುರುಳಿ, ನಿನ್ನ ಮಗಳು, ಪುಸ್ತಕ ಹಿಡಿದು ಗೋಡೆಗೆ ಮುಖ ಮಾಡಿ ಕೂತಿದ್ದರೂ ಕಿವಿ ಮಾತ್ರ ನನ್ನ ಮಗ್ಗುಲಲ್ಲೇ ಇರುತ್ತದೆ. ಅದಕ್ಕೇ ಕಾಗದ.

ಟವೆಲ್ ಹಾಕಿ, ಕೆಳಗಿಳಿದು ನೀರು ಕುಡಿದು ಬರುವಷ್ಟರಲ್ಲಿ ಯಾರೋ ಅದನ್ನು ಎತ್ತಿ ಬಿಸಾಕಿದರೆ ಏನಾಗುತ್ತದೆ? ಅಕ್ಕಪಕ್ಕದವರು ಸರಿದು ಆರಾಮಾಗಿ ಕೂರುತ್ತಾರೆ. ಸೀಟಿನ ಯಜಮಾನ ಬಂದಾಗ ಇಬ್ಬರ ತೊಡೆಯ ಮೇಲೆ ಓರೆಯಾಗಿ ಕೂರಬೇಕು. ನಿನ್ನ ಮಗಳ ಬಾಯಲ್ಲಿ ಆಗಿರುವುದು ಇದೇ. ಶಾಲೆಗೆ ತಪಾಸಣೆಗೆ ಬಂದಿದ್ದ ಹಲ್ಲಿನ ಡಾಕ್ಟರಮ್ಮ ನನ್ನನ್ನು ಕರೆಸಿ ಹೇಳಿದರು. ಚಿಕ್ಕಂದಿನಲ್ಲಿ ಹುಳುಕಾದ ದವಡೆ ಹಲ್ಲುಗಳನ್ನು ಅವಧಿಗೆ ಮೊದಲೇ ಕಿತ್ತದ್ದರಿಂದ ಪಕ್ಕದವು ಸರಿದುಬಿಟ್ಟವು. ಕೋರೆಹಲ್ಲು ಎರಡೂ ಜಾಗ ಸಿಗದೆ ಮೇಲಿನಿಂದ ಇಣುಕುತ್ತಿವೆ. ಕೆಳಗಿನ ದವಡೆ ಹಿಂದೆ ಉಳಿದಿದೆ. ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ಮುಂದಿನ ಹಲ್ಲು ಅಂಗುಳಕ್ಕೆ ಚುಚ್ಚುತ್ತದೆ. ಅಲ್ಲಿ ಗಾಯ ಇದೆಯಂತೆ, ಯಾವಾಗಲೂ. ನಾನು ಅವಳ ಜೊತೆ ದಿನಾ ಊಟಕ್ಕೆ ಕೂರುವವನು, ನನಗೇ ಗೊತ್ತಿರಲಿಲ್ಲ. ಸೇಬನ್ನು ಚಾಕುವಿನಲ್ಲಿ ತೆಳ್ಳಗೆ ಹೆಚ್ಚಿಕೊಂಡು ತಿನ್ನುತ್ತಾಳೆ, ಏನೋ ನಾಜೂಕು ಕಲಿತಿದ್ದಾಳೆ ಅಂದುಕೊಂಡಿದ್ದೆ.

ಹಲ್ಲಿಗೆ ತಂತಿಯ ಕ್ಲಿಪ್ ಹಾಕಬೇಕು. ದವಡೆ ಬೆಳೆಯುವ ವಯಸ್ಸಿನಲ್ಲೇ ಹಾಕಬೇಕು, ಅಂದರೆ ಈಗ. ಈ ವರ್ಷ ಬಿಟ್ಟರೆ ಆಮೇಲೆ ಮೂಳೆ ಕತ್ತರಿಸುವ ಮಾತು. ಸರ್ಕಾರಿ ಹಲ್ಲಿನ ಆಸ್ಪತ್ರೆಯಲ್ಲಿ ವರ್ಷಕ್ಕೆ ಒಂದಷ್ಟು ಮಕ್ಕಳಿಗೆ ಪುಕ್ಕಟೆಯಾಗಿ ಹಾಕುತ್ತಾರೆ. ಅಗತ್ಯ ಯಾರಿಗೆ ಹೆಚ್ಚು ಅಂತ ಅವರೇ ಫೋಟೋ ನೋಡಿ ಆರಿಸುವುದು. ದಾನಕ್ಕೆ ಬಂದ ದನದ ಹಲ್ಲು ಎಣಿಸಬೇಡ ಅನ್ನುತ್ತಾರೆ. ಇಲ್ಲಿ ದಾನ ಕೊಡುವವರೇ ಹಲ್ಲು ಎಣಿಸುತ್ತಾರೆ. ಎಣಿಸಲಿ, ನಮಗೇನು.

ನನ್ನ ಕಾಲೇಜಿನ ಇಂಗ್ಲಿಷ್ ಮೇಷ್ಟರು ಒಂದು ಹೇಳುತ್ತಿದ್ದರು, 'ಎ ಸ್ಟಿಚ್ ಇನ್ ಟೈಮ್ ಸೇವ್ಸ್' ಇಷ್ಟು ಅಂತ, ಹೊತ್ತಿಗೆ ಹಾಕಿದ ಒಂದು ಹೊಲಿಗೆ ಇಷ್ಟು ಹೊಲಿಗೆ ಉಳಿಸುತ್ತದೆ ಅಂತ. ಎಷ್ಟು ಅನ್ನುವುದು ಮರೆತಿದ್ದೇನೆ. ನಿನ್ನ ಅಮ್ಮ ಹೊಲಿಗೆ ಮಿಷಿನ್ ಮುಂದೆ ಕೂತು ದಾರ ಕಚ್ಚಿ ಹರಿಯುತ್ತಾ, "ಹೊಲಿಯುವವಳು ನಾನು, ಎಷ್ಟು ಉಳಿಯುತ್ತೆ ಅಂತ ನನಗಾದ್ರೂ ಹೇಳಿ" ಅನ್ನುತ್ತಿದ್ದಳು. ಆಗಲೂ ನೆನಪಾಗುತ್ತಿರಲಿಲ್ಲ.

ಅರ್ಜಿಗೆ ತಾಯಿಯ ಸಹಿ ಬೇಕು. ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕಿ ಕಳಿಸು.

ನಿನ್ನ ಅಪ್ಪ

*

ಜೂನ್ 21

ಅಪ್ಪಾ,

ಕಾಗದ ತಲುಪಿತು. ಸಹಿ ಹಾಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹಲ್ಲೂ ಹಾಗೇ ಇರಲಿಲ್ಲವೇ? ನಾನು ಬದುಕಲಿಲ್ಲವೇ? ಎರಡು ವರ್ಷ ಬಾಯಲ್ಲಿ ತಂತಿ ಕಟ್ಟಿಕೊಂಡು, ತಿಂಗಳು ತಿಂಗಳು ಶಾಲೆ ಬಿಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಕೊನೆಗೆ ಆಗಲ್ಲ ಅಂದರೆ ಆ ಮಗುವಿನ ಗತಿ ಏನು? ಆಸೆ ಹುಟ್ಟಿಸುವುದು ಸುಲಭ ಅಪ್ಪಾ. ಇದೆಲ್ಲ ಇದ್ದವರ ಮಕ್ಕಳಿಗೆ. ನಮ್ಮ ಹೋಟೆಲಿನಲ್ಲಿ ಇಳಿದುಕೊಳ್ಳುವವರ ಮನೆಯ ಹುಡುಗಿಯರನ್ನು ನೋಡುತ್ತೇನೆ, ಹೊಸ ಬೂಟು ತೋರಿಸಿದ ಹಾಗೆ ಬಾಯಿ ತೆರೆದು ತಂತಿ ತೋರಿಸುತ್ತಾರೆ. ನಾನು ಈ ಹೋಟೆಲಿಗೆ ಬಂದದ್ದು ಮುಂಬಾಗಿಲ ಮೇಜಿನ ಕೆಲಸಕ್ಕೆ ಅಂತ ನಿಮಗೆ ನೆನಪಿರಬಹುದು. ಮಾತಾಡಿಸಿದರು, ನಗಿಸಿದರು, ಆಮೇಲೆ ಲಾಂಡ್ರಿಯಲ್ಲಿ ಜಾಗ ಇದೆ ಅಂದರು. ಯಾಕೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಲ್ಲಿ ಆವಿ, ಸದ್ದು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಒಂದು ರೀತಿ ಒಳ್ಳೆಯದೇ.

ಒಂದು ಕೇಳಬೇಕು. ಆ ಡಾಕ್ಟರಮ್ಮ, ಹಾಲುಹಲ್ಲು ಯಾರು ಕೀಳಿಸಿದ್ದು ಅಂತ ಕೇಳಿದರೇ? ಕೇಳಿದ್ದರೆ ನೀವು ಏನು ಹೇಳಿದಿರಿ?

ಚಿನಕುರುಳಿಗೆ ಎರಡು ಜೊತೆ ಕಾಲುಚೀಲ ಕಳಿಸಿದ್ದೇನೆ.

ನಿಮ್ಮ ಮಗಳು

*

ಜೂನ್ 29

ಮಗಳೇ,

ಕೇಳಿದರು. "ನೋವು ಕೀಳಿಸಿತು ತಾಯಿ" ಅಂದೆ. ಅವರು ತಲೆಯಾಡಿಸಿ, "ಹುಳುಕು ತುಂಬಿಸುವಷ್ಟು ಅನುಕೂಲ ಇಲ್ಲದ ಮನೆಗಳಲ್ಲಿ ಎಲ್ಲರೂ ಕೀಳಿಸುವುದೇ" ಅಂದರು. ಅಷ್ಟೇ. ಆರು ವರ್ಷದ ಮಗು ರಾತ್ರಿಯೆಲ್ಲ ಕೆನ್ನೆ ಹಿಡಿದು ಅಳುವಾಗ ತಾಯಿಯಾದವಳು ಬೇರೇನು ಮಾಡುತ್ತಾಳೆ? ಆ ಮಾತನ್ನು ಇಲ್ಲಿಗೆ ಬಿಡು.

ಈಗ ನನ್ನ ಮಾತು ಕೇಳು. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುತ್ತಾರೆ. ಎರಡೂ ಇಲ್ಲದವರ ಬಗ್ಗೆ ಗಾದೆಯನ್ನೇ ಯಾರೂ ಮಾಡಿಲ್ಲ. ನಮ್ಮ ಫೋಟೋ ಸ್ಟುಡಿಯೋದಲ್ಲಿ ಇಷ್ಟು ವರ್ಷ ಏನು ನೋಡಿದೆ? ಕಾರಿನಲ್ಲಿ ಬರುವ ಮಕ್ಕಳು ಹನ್ನೆರಡಕ್ಕೆ ತಂತಿ ಹಾಕಿಸಿಕೊಂಡು ಬರುತ್ತಾರೆ, ಹದಿನೈದಕ್ಕೆ ತೆಗೆಸಿಕೊಂಡು ಬರುತ್ತಾರೆ. ಅದರಲ್ಲಿ ಅರ್ಧ ಮಕ್ಕಳ ಹಲ್ಲು ಮೊದಲೇ ನೆಟ್ಟಗಿದ್ದವು, ಇನ್ನೂ ನೆಟ್ಟಗೆ ಬೇಕಿತ್ತು, ಅಷ್ಟೇ. ನಮ್ಮ ಗಲ್ಲಿಯ ಮಕ್ಕಳಿಗೆ ನಾನೇ, "ತುಟಿ ಮುಚ್ಚು, ಸ್ವಲ್ಪ ನಗು" ಅನ್ನುತ್ತಿದ್ದೆ. ಅದು ನಮ್ಮ ಸ್ಟುಡಿಯೋದ ಪದ್ಧತಿ. ದೊಡ್ಡ ಯಜಮಾನರು ಇದ್ದಾಗಲೂ ಅದೇ, ಈಗ ಅವರ ಮಗ ಚಿಕ್ಕ ಯಜಮಾನನ ಕಾಲದಲ್ಲೂ ಅದೇ. ಮುಚ್ಚಲಾಗದ್ದನ್ನು ನಾನು ಬ್ರಷ್ ಹಿಡಿದು, ಪ್ರಿಂಟಿನ ಮೇಲೇ ಬಣ್ಣ ತೀಡಿ, ಟಚಿಂಗ್‌ನಲ್ಲಿ ಸರಿಮಾಡುತ್ತಿದ್ದೆ. ಫೋಟೋದಲ್ಲಿ ಸರಿ ಹೋಗುತ್ತಿತ್ತು.

ಚಿನಕುರುಳಿ ಅಂತ ಹೆಸರಿಟ್ಟವಳು ನಿನ್ನ ಅಮ್ಮ. ಬಾಯಿ ಬಿಟ್ಟರೆ ಪಟಪಟ ಸಿಡಿಯುತ್ತಿದ್ದ ಹುಡುಗಿ. ಈಗ ಶಾಲೆಯಲ್ಲಿ 'ಮೊಲ' ಅನ್ನುತ್ತಾರಂತೆ. ಈ ವರ್ಷ ನಾಟಕಕ್ಕೆ ಹೆಸರು ಕೊಡಲಿಲ್ಲ. "ಪರದೆ ಎಳೆಯೋ ಕೆಲಸ ನಂದು ತಾತ, ಅದಕ್ಕೂ ಒಬ್ಬರು ಬೇಕಲ್ಲ" ಅಂದಳು, ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು. ಆ ಕೈ ಎಲ್ಲಿ ಕಲಿತಳು ಅಂತ ನಿನಗೆ ಹೇಳಬೇಕಾಗಿಲ್ಲ.

ಆಗಲ್ಲ ಅಂದರೆ ಮತ್ತೆ ಕೇಳುತ್ತೇನೆ. ಮತ್ತೂ ಆಗಲ್ಲ ಅಂದರೆ ಅವರ ಬಾಗಿಲಲ್ಲೇ ಕೂರುತ್ತೇನೆ. ಬೆಂಚಿನ ಮೇಲೆ ಕೂರುವುದಕ್ಕೆ ನನ್ನಷ್ಟು ಪುರುಸೊತ್ತು ಇನ್ನು ಯಾರಿಗಿದೆ? ಸಹಿ ಹಾಕು.

ಅಪ್ಪ

*

ಜುಲೈ 16

ಮಗಳೇ,

ಬರೀ ಸಹಿ ಕಳಿಸಿದ್ದೀಯ, ಜೊತೆಗೆ ಒಂದು ಸಾಲು ಇಲ್ಲ. ಇರಲಿ. 'ಸೈಲೆನ್ಸ್ ಈಸ್' ಏನೋ ಒಂದು, ಒಪ್ಪಿಗೆಯ ಅರ್ಥದ್ದು.

ಫೋಟೋ ನಾನೇ ತೆಗೆದೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು. ಚಿಕ್ಕ ಯಜಮಾನ ಭಾನುವಾರ ಸ್ಟುಡಿಯೋದ ಬೀಗದ ಕೈ ಕೊಟ್ಟ. ಮಗು ಮೊದಲು ತುಟಿ ಬಿಡಿಸಲೇ ಒಲ್ಲೆ ಅಂತು. ನಾನು ಬಿಳಿ ಕೊಡೆ ಹಾಕಿ ಬೆಳಕನ್ನು ಹಾಲಿನ ಹಾಗೆ ಮೆತ್ತಗೆ ಮಾಡಿದೆ, ಗಲ್ಲವನ್ನು ಒಂಚೂರು ತಿರುಗಿಸಿದೆ, ಹಳೆಯ ಜೋಕು ಹೇಳಿದೆ. ನಕ್ಕಳು. ಅದೇ ಕ್ಷಣ! ಬಹಳ ದಿನದ ಮೇಲೆ ಇಂಥ ಒಂದು ಫೋಟೋ ನನ್ನ ಕೈಯಿಂದ ಬಂತು. ಎಲ್ಲ ಪ್ರಿಂಟುಗಳ ಮೇಲೂ ಧೂಳಿನ ಚುಕ್ಕೆಗಳಿದ್ದವು. ಮನೆಯಲ್ಲಿ ಕಿಟಕಿಯ ಹತ್ತಿರ ಕೂತು ತೆಗೆದೆ. ಅರ್ಜಿ ಕೊಟ್ಟು ಬಂದೆ.

ನಿನಗೂ ಒಂದು ಪ್ರತಿ ಇಟ್ಟಿದ್ದೇನೆ. ನೋಡು, ಎಷ್ಟು ಮುದ್ದಾಗಿದ್ದಾಳೆ.

ಅಪ್ಪ

*

ಆಗಸ್ಟ್ 11

ಅಮ್ಮಾ,

ತಾತನಿಗೆ ಹೇಳದೆ ಬರೆಯುತ್ತಿದ್ದೇನೆ. ಆಸ್ಪತ್ರೆಯಿಂದ ಉತ್ತರ ಬಂದಿದೆ, ಇಲ್ಲ ಅಂತ. 'ಹಲ್ಲಿನ ಜೋಡಣೆಯಲ್ಲಿ ಗಮನಾರ್ಹ ದೋಷ ಕಾಣುವುದಿಲ್ಲ. ಕೋರಿಕೆ ಅಂದಕ್ಕೆ ಸಂಬಂಧಿಸಿದ್ದು.' ನನಗೆ ಬಾಯಿಪಾಠ ಆಗಿದೆ.

ತಾತ ಅದನ್ನು ನಿಂತು ಓದಿದರು, ಕೂತು ಓದಿದರು, ಆಮೇಲೆ ಚಪ್ಪಲಿ ಹಾಕಿಕೊಂಡು ಎಲ್ಲಿಗೂ ಹೋಗದೆ ಮತ್ತೆ ಬಿಚ್ಚಿಟ್ಟರು. ನಿನಗೆ ತಿಳಿಸುವುದು ಹೇಗೆ ಅಂತ ಒದ್ದಾಡುತ್ತಿದ್ದಾರೆ. ಅದಕ್ಕೇ ನಾನೇ ತಿಳಿಸಿಬಿಟ್ಟೆ.

ನನಗೇನೂ ಬೇಜಾರಿಲ್ಲ. ನಿಜವಾಗಲೂ. ದೋಷ ಇಲ್ಲ ಅಂದರೆ ಒಳ್ಳೆಯದೇ ತಾನೆ? ಆದರೆ ಮತ್ತೆ ನೋಯುತ್ತಿರುವುದು ಯಾವುದು ಅಂತ ಗೊತ್ತಾಗುತ್ತಿಲ್ಲ. ನನ್ನ ಬೆಂಚಿನವಳಿಗೆ ಹೋದ ತಿಂಗಳು ಕ್ಲಿಪ್ ಹಾಕಿದರು. ಅವಳ ಹಲ್ಲು ಹೇಗಿದ್ದವು ಗೊತ್ತಾ, ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ. "ಮತ್ತೆ ಯಾಕೇ ಹಾಕಿಸ್ಕೊಂಡೆ?" ಅಂತ ಕೇಳಿದೆ. "ನಮ್ಮಮ್ಮ ಹೇಳಿದ್ರು, ನಮ್ಮ ಮನೇಲಿ ಎಲ್ಲರಿಗೂ ಹಾಕ್ಸಿದಾರೆ" ಅಂದಳು. ಅವಳು ಕೆಟ್ಟವಳಲ್ಲ. ತಿಂಡಿ ಹಂಚಿಕೊಳ್ಳುತ್ತಾಳೆ.

ತಾತ ತೆಗೆದ ಫೋಟೋ ನಾನು ನೋಡಿಲ್ಲ. ನನ್ನ ಫೋಟೋ ನಾನು ನೋಡುವುದಿಲ್ಲ, ನಿನಗೆ ಗೊತ್ತಲ್ಲ. ಅದು ಹೇಗಿದೆ?

ಕಾಲುಚೀಲ ಸರಿಯಾಗಿ ಆಯಿತು.

ನಿನ್ನ ಚಿನಕುರುಳಿ

*

ಆಗಸ್ಟ್ 19

ಅಪ್ಪಾ,

ಮಗಳ ಕಾಗದ ಬಂದಿದೆ. ಅವಳನ್ನು ಬಯ್ಯಬೇಡಿ.

ನೀವು ಕಳಿಸಿದ್ದ ಫೋಟೋ ನನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ. ಬಂದ ದಿನದಿಂದ ಅದರಲ್ಲಿ ಏನೋ ಒಂದು ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ಚೆನ್ನಾಗಿ ಬಂದಿರುವುದಕ್ಕೆ ಅಂದುಕೊಂಡಿದ್ದೆ. ಇವತ್ತು ಆ ಉತ್ತರದ ಸಾಲು ಓದಿದ ಮೇಲೆ ಫೋಟೋ ಬಿಡಿಸಿ ದೀಪದ ಕೆಳಗೆ ಹಿಡಿದೆ.

ಅಪ್ಪಾ, ಇವು ಅವಳ ಹಲ್ಲಲ್ಲ.

ಕೋರೆಹಲ್ಲುಗಳು ಎಲ್ಲಿ? ಸಂದು ಎಲ್ಲಿ? ಸಾಲಾಗಿ ಬರೆದುಬಿಟ್ಟಿದ್ದೀರಿ. ನನ್ನ ಮದುವೆಯ ಫೋಟೋವನ್ನು ಪಕ್ಕದಲ್ಲಿ ಇಟ್ಟು ನೋಡಿದೆ. ಅದರಲ್ಲೂ ಇವೇ ಹಲ್ಲು. ಮೇಲಿನ ಸಾಲಿನಲ್ಲಿ ಎಡಗಡೆಯ ಮುಂದಿನ ಹಲ್ಲಿನ ತುದಿ ಒಂಚೂರು ಮುಕ್ಕಾಗಿದೆ, ಎರಡರಲ್ಲೂ. ನನಗೂ ಆ ಮುಕ್ಕು ಇಲ್ಲ, ಅವಳಿಗೂ ಇಲ್ಲ. ದಾರ ಕಚ್ಚಿ ಕಚ್ಚಿ ಆಗಿದ್ದ ಮುಕ್ಕು ಅದು.

ಅವು ಅಮ್ಮನ ಹಲ್ಲು.

ನಾನು ಅಳಲಿಲ್ಲ. ಇಲ್ಲಿ ಕೆಲಸದವರ ಕೋಣೆಯಲ್ಲಿ ಪಕ್ಕದ ಮಂಚದವಳು ಏನಾಯ್ತಕ್ಕಾ ಅಂದಳು, ಏನಿಲ್ಲ ನಮ್ಮಮ್ಮನ ಫೋಟೋ ಅಂದೆ.

ಆದರೆ ಅಪ್ಪಾ, ಆಸ್ಪತ್ರೆಯವರು ಸರಿಯಾಗಿಯೇ ಹೇಳಿದ್ದಾರೆ. ಅಮ್ಮನಿಗೆ ಕ್ಲಿಪ್ ಬೇಕಿರಲಿಲ್ಲ. ಹೋಗಿ ಹೇಳಿ. ಈಗ ಸುಮ್ಮನಿರಬೇಡಿ. ನಾನು ಬೇಡ ಅಂದಿದ್ದೆ, ಈಗ ಬೇಕು ಅನ್ನುತ್ತಿದ್ದೇನೆ.

ನಿಮ್ಮ ಮಗಳು

*

ಸೆಪ್ಟೆಂಬರ್ 3

ಮಗಳೇ,

ನನ್ನಲ್ಲಿ ಉಳಿದಿದ್ದ ಪ್ರತಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಹೌದು.

ಬೇಕೂಂತ ಮಾಡಿದ್ದಲ್ಲ ಕಣಮ್ಮಾ. ಧೂಳು ತೆಗೆಯಲು ಕೂತವನು. ಎದುರಿಗೆ ಹಲ್ಲು ಬಂತು, ಬ್ರಷ್ ಹೋಯಿತು. ಕೈಗೆ ಬರುವುದು ನಿನ್ನ ಅಮ್ಮನ ಸಾಲೊಂದೇ, ಮುಕ್ಕಿನ ಸಮೇತ. ಮಗುವಿಗೂ ಅದನ್ನೇ ಹೇಳಿದೆ. ಮುಂದಿನ ಕೆಲಸ ಹೇಳುತ್ತೇನೆ.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಾನೂ ಚಿನಕುರುಳಿಯೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಇದ್ದೆವು. ಕಿಟಕಿಯ ಗುಮಾಸ್ತ ಕಾಗದ ನೋಡಿ, "ಮುಗೀತಲ್ಲ ಅಜ್ಜಾರೇ, ಮುಂದಿನ ವರ್ಷ ಹಾಕಿ" ಅಂದ. ನಾನು ಗಂಭೀರವಾಗಿ ಇಂಗ್ಲಿಷಿನಲ್ಲಿ, "ಸರ್, ಐ ಬೆಗ್ ಟು ಸ್ಟೇಟ್ ದಟ್" ಅಂತ ಶುರು ಮಾಡಿದೆ. ಅಷ್ಟಕ್ಕೇ ನಿಂತಿತು. ಏನನ್ನು ಸ್ಟೇಟ್ ಮಾಡಬೇಕೋ ಅದು ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಹಿಂದಿನ ಸಾಲಿನವರು, "ಬೇಗ ಬೇಗ" ಅಂದರು.

ಆಗ ನಿನ್ನ ಮಗಳು ಬಾಯಿಗೆ ಅಡ್ಡ ಇಟ್ಟ ಕೈ ಇಳಿಸಿದಳು. ಕಿಟಕಿಗೆ ಮುಖ ಕೊಟ್ಟು, "ಸಾರ್, ಆ ಫೋಟೋದಲ್ಲಿ ಇರೋದು ನಮ್ಮಜ್ಜಿ ಹಲ್ಲು. ಅಜ್ಜಿಗೆ ಕ್ಲಿಪ್ ಬೇಡ. ನಂದು ನೋಡಿ" ಅಂತ ಬಾಯಿ ಅಗಲಿಸಿದಳು. ಇಡೀ ಸಾಲು ನೋಡಿತು. ಗುಮಾಸ್ತನ ಪೆನ್ನು ಹಾಗೇ ನಿಂತಿತು. "ನೋವಾಗಲ್ವೇನಮ್ಮಾ?" ಅಂದ. "ಆಗುತ್ತೆ ಸಾರ್, ಅದಕ್ಕೇ ಬಂದಿರೋದು" ಅಂದಳು. ಎದ್ದು ಒಳಗೆ ಹೋಗಿ ಡಾಕ್ಟರಮ್ಮನನ್ನೇ ಕರೆದುಕೊಂಡು ಬಂದ.

ಡಾಕ್ಟರಮ್ಮ ಸೊಂಟದ ಮೇಲೆ ಕೈ ಇಟ್ಟು, "ಶಾಲೇಲಿ ಬೇರೆ ಬಾಯಿ ನೋಡಿದ್ನಾ ಅಂತ ನನ್ನ ಮೇಲೇ ನನಗೆ ಅನುಮಾನ ಬಂದಿತ್ತು. ಅಜ್ಜಾರೇ, ಇಷ್ಟು ಚೆನ್ನಾಗಿ ಹಲ್ಲು ಕಟ್ಟೋರು ನಮ್ಮಲ್ಲೂ ಇಲ್ಲ" ಅಂದರು. ಬಯ್ದರೋ ಹೊಗಳಿದರೋ ತಿಳಿಯಲಿಲ್ಲ. ಅರ್ಜಿಯನ್ನು ಸಮಿತಿಯ ಮುಂದೆ ಇನ್ನೊಮ್ಮೆ ಇಡುತ್ತಾರೆ, ಈ ತಿಂಗಳ ಕೊನೆಯಲ್ಲಿ. ಹೊಸ ಫೋಟೋ ಬೇಕು.

ಅವತ್ತು ಸಂಜೆಯೇ ತೆಗೆದೆವು. ಬಿಳಿ ಕೊಡೆ ಮೂಲೆಗೆ ಹೋಯಿತು. ಬರೀ ಬಲ್ಬು, ಪಕ್ಕದಿಂದ, ಪೊಲೀಸರು ಕಳ್ಳನಿಗೆ ಹಿಡಿದ ಹಾಗೆ. ಎರಡು ಚಮಚದ ಹಿಡಿಗಳಿಂದ ತುಟಿಯನ್ನು ತಾನೇ ಎಳೆದು ಹಿಡಿದುಕೊಂಡಳು. ನನ್ನ ಕೈ ಹಿಂದೆಗೆಯಿತು. ಅವಳು ಚಮಚದ ಸಂದಿನಿಂದಲೇ, "ತೆಗಿ ತಾತ, ಇನ್ನೂ ಕೆಟ್ಟದಾಗಿ ತೆಗಿ" ಅಂದಳು. ತೆಗೆದೆ. ಪ್ರಿಂಟನ್ನು ಮನೆಗೆ ತರಲೇ ಇಲ್ಲ, ಅಲ್ಲಿಂದಲೇ ಲಕೋಟೆಗೆ ಹಾಕಿ ಅಂಟಿಸಿದೆ.

ಇನ್ನೊಂದು ಉಳಿದಿದೆ. ದವಡೆ ಹಿಂದೆ ಇರುವುದು ತಾಯಿಯಿಂದ ಬಂದದ್ದಾದರೆ ತಾನಾಗಿ ಸರಿಹೋಗುವುದಿಲ್ಲ, ಅಗತ್ಯದ ಲೆಕ್ಕದಲ್ಲಿ ಮೇಲೆ ಬರುತ್ತಾಳಂತೆ. ತಾಯಿಯ ಫೋಟೋ ತನ್ನಿ ಅಂದರು, ಹಲ್ಲು ಕಾಣುವ ಫೋಟೋ. ಮನೆಯ ಆಲ್ಬಂ ಪೂರ್ತಿ ಹುಡುಕಿದೆ. ನೀನು ಹುಟ್ಟಿದಂದಿನಿಂದ ನಿನ್ನ ಫೋಟೋ ತೆಗೆದವನು ನಾನು. ನಿನ್ನ ಹಲ್ಲು ಕಾಣುವ ಒಂದೇ ಒಂದು ಫೋಟೋ ಈ ಮನೆಯಲ್ಲಿ ಇಲ್ಲ. ಒಂದೋ ತುಟಿ ಮುಚ್ಚಿದೆ, ಇಲ್ಲವೋ ನನ್ನ ಬ್ರಷ್ ಇದೆ.

ಕೇಳಲು ನನಗೆ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

ಅಪ್ಪ

*

ಸೆಪ್ಟೆಂಬರ್ 17

ಅಪ್ಪಾ,

ಮೂರು ಸಲ ಪ್ರಯತ್ನಪಟ್ಟೆ. ಪ್ರತಿ ಸಲವೂ ಕೈ ತಾನಾಗಿ ಮೇಲೆ ಬರುತ್ತಿತ್ತು. ಕೊನೆಗೆ ಪಕ್ಕದ ಮಂಚದವಳು ನನ್ನ ಎರಡೂ ಕೈಗೆ ಮಡಿಸಿದ ಚಾದರಗಳ ಅಟ್ಟಿ ಹೊರಿಸಿ, ತನ್ನ ಫೋನಿನಲ್ಲಿ ತೆಗೆದು, "ಅಕ್ಕಾ, ನೀನು ನಗೋದು ನಾನು ನೋಡೇ ಇರಲಿಲ್ಲ" ಅಂದಳು. ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದವಳೂ ಅವಳೇ. ನಾನು ನೋಡಿಲ್ಲ, ಲಕೋಟೆ ಅಂಟಿಸಿದ್ದಾಳೆ.

ನೀವು ಏನೂ ಮಾಡಬೇಡಿ ಅಪ್ಪಾ. ಧೂಳೂ ತೆಗೆಯಬೇಡಿ.

ನಿಮ್ಮ ಮಗಳು

*

ನವೆಂಬರ್ 12

ಮಗಳೇ,

ಭಾನುವಾರದ ಫೋನಿನಲ್ಲಿ ನಿನಗೆ ಮಾತಾಡಲು ಅವಳು ಬಿಡಲಿಲ್ಲ, ನನಗಂತೂ ಫೋನೇ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವಳು ಹೇಳಿದ್ದರಲ್ಲಿ ಅರ್ಧ ನಿನಗೆ ತಿಳಿದಿರಲಾರದು, ಬಾಯಲ್ಲಿ ತಂತಿ ಇಟ್ಟುಕೊಂಡು ಅಷ್ಟು ವೇಗ! ಹಾಕಿದ ಮೊದಲ ದಿನಗಳು ಕಷ್ಟವಾದವು. ನೀರಾಗಿದ್ದದ್ದೇ ಊಟ. ರಾತ್ರಿ ಒಮ್ಮೆ, "ಯಾಕಾದ್ರೂ ಬೇಕಿತ್ತು ತಾತ" ಅಂದಳು. ಬೆಳಿಗ್ಗೆ ಕೇಳಿದರೆ, "ನಾನಾ? ಯಾವಾಗ?" ಅಂದಳು. ಕ್ಲಿಪ್ಪಿನ ರಬ್ಬರಿನ ಬಣ್ಣ ಹಸಿರು ಆರಿಸಿದ್ದಾಳೆ. ಬೆಂಚಿನ ಗೆಳತಿಯದು ನೀಲಿ. ಇಬ್ಬರೂ ಬಾಯಿ ತೆರೆದು ಹೋಲಿಸಿ ನೋಡಿಕೊಳ್ಳುತ್ತಾರಂತೆ. ಎರಡೂ ಒಂದೇ ತಂತಿ. ಒಂದು ಬಂದ ದಾರಿಯನ್ನು ನಾವು ಬಲ್ಲೆವು.

ನಿನಗೆ ಹೇಳದ ಮಾತು ಒಂದು ಇದೆ. ಸಮಿತಿಯ ದಿನ ಡಾಕ್ಟರಮ್ಮ ನಿನ್ನ ಫೋಟೋವನ್ನೂ ಅವಳ ಫೋಟೋವನ್ನೂ ಪಕ್ಕಪಕ್ಕ ಇಟ್ಟರು. ಸಮಿತಿಯ ಹಿರಿಯರು ಕನ್ನಡಕ ತೆಗೆದು, "ಇವರಿಗೆ ಆಗ ಯಾರೂ ಹೇಳಲಿಲ್ಲವೇ?" ಅಂತ ಕೇಳಿದರು. ನಿನ್ನ ಬಗ್ಗೆ. ನಾನು ಎದ್ದು ನಿಂತೆ. ನಿಂತೇ ಇದ್ದೆ. ಅವರು ಸಹಿ ಹಾಕುವ ತನಕ.

ಬರುವಾಗ ಡಾಕ್ಟರಮ್ಮನನ್ನು ಕೇಳಿದೆ, ದೊಡ್ಡವರಿಗೆ ಆಗುವುದೇ ಇಲ್ಲವೇ ಅಂತ. "ತಂತಿಯಿಂದ ದವಡೆ ಮುಂದೆ ತರೋಕಾಗಲ್ಲ, ಹಲ್ಲು ಜರುಗಿಸಬಹುದು" ಅಂದರು. ಪುಕ್ಕಟೆ ಅಲ್ಲ. ನೀನು ಈಗಲೇ ಬೇಡ ಅನ್ನಬೇಡ. ಬೇಡ ಅನ್ನುವುದಕ್ಕೆ ಇಲ್ಲಿಗೆ ಬಾ, ಎದುರಿಗೆ ಕೂತು, ಬಾಯಿ ಬಿಟ್ಟು ಹೇಳು.

ನಿನ್ನ ಆ ಫೋಟೋ ಆಸ್ಪತ್ರೆಯವರು ವಾಪಸ್ ಕೊಟ್ಟರು. ಗೋಡೆಯ ಮೇಲೆ ನಿನ್ನ ಅಮ್ಮನ ಫೋಟೋ ಪಕ್ಕದಲ್ಲಿ ನಿನ್ನ ಮದುವೆಯದಿತ್ತಲ್ಲ, ಅದನ್ನು ಇಳಿಸಿ ಇದನ್ನು ಹಾಕಬೇಕು ಅಂತ ಕಟ್ಟು ಹಾಕಿಸಲು ಕಿಟಕಿಯ ಹತ್ತಿರ ಇಟ್ಟುಕೊಂಡು ಕೂತಿದ್ದೇನೆ. ಎರಡೂ ಕೈಯಲ್ಲಿ ಚಾದರ, ಕೂದಲು ಆವಿಗೆ ಅಂಟಿಕೊಂಡಿದೆ, ಬಾಯಿ ತುಂಬ ನಗು. ನೀನು ಹೀಗೆ ನಗುತ್ತೀಯ ಅಂತ ನನಗೆ ಗೊತ್ತಿರಲಿಲ್ಲ ಮಗಳೇ. ಎಷ್ಟು ವರ್ಷ ನಿನ್ನ ಎದುರಿಗೆ ಕ್ಯಾಮೆರಾ ಹಿಡಿದು ನಿಂತಿದ್ದೆ.

ನಿನ್ನ ಮುಂದಿನ ಹಲ್ಲಿನ ಮೇಲೆ ಒಂದು ಚುಕ್ಕೆ ಇದೆ, ಪ್ರಿಂಟಿನ ಧೂಳು. ಬ್ರಷ್ ಇಲ್ಲೇ ಡಬ್ಬಿಯಲ್ಲಿದೆ, ನೀರೂ ಇದೆ. ಈ ಕೆಲಸಕ್ಕೆ ಹಗಲಿನ ಬೆಳಕೇ ಬೇಕು, ಬಲ್ಬಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಮಧ್ಯಾಹ್ನದಿಂದ ನೋಡುತ್ತಾ ಕೂತಿದ್ದೆ, ಬರೆಯುತ್ತಾ ಕೂತಿದ್ದೆ.

"ತಾತ, ಲೈಟ್ ಹಾಕ್ಲಾ?" ಅನ್ನುತ್ತಿದ್ದಾಳೆ. ಹೌದು, ಅಕ್ಷರ ಕಾಣುತ್ತಿಲ್ಲ. ಚುಕ್ಕೆ ಹಾಗೇ ಇದೆ. ಬೆಳಕು ಹೋಯಿತು.

ಅಪ್ಪ